ಪಿಕಪ್ಪಿನ ಮೂತಿ ಎತ್ತುವ ಮುನ್ನ



ನಮ್ಮ ಪೈಕಿ ಹಲವರ ಮನೆಯ ಮುಂದೆ ಹಿಂದೆ ಎತ್ತಿನ ಬಂಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪಿಕಪ್ ನಿಂತಿದೆ. 2024 ಮತ್ತು 2025ರಲ್ಲಿ ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಹೊಸದನ್ನೋ ಹಳೆಯದನ್ನೋ ಕೊಂಡವರು ಕೆಲವರಾದರೆ, ಅಡಿಕೆಯ ಹಣದಿಂದ ಕೊಂಡವರು ಇನ್ನು ಕೆಲವರು. ಇದು ಸಂತೋಷದ ವಿಷಯವೇ ಸರಿ. ಗೊಬ್ಬರ ತರಲು, ಹಣ್ಣು ಸಾಗಿಸಲು, ಗೊನೆ ಹೊರಲು ಇನ್ನೊಬ್ಬರ ಗಾಡಿಗಾಗಿ ಕಾಯುವ ಕಷ್ಟ ತಪ್ಪಿತು. ಆದರೆ ಗಾಡಿಯ ಜೊತೆಗೆ ಒಂದು ಹೊಸ ಚಾಳಿಯೂ ನಮ್ಮ ಊರುಗಳಿಗೆ ಬಂದಿದೆ. ಅದೆಂದರೆ ಪಿಕಪ್ಪಿನ ಮುಂಭಾಗದ ಸ್ಪ್ರಿಂಗನ್ನು ಮನೆಯಂಗಳದಲ್ಲೇ ಬಿಚ್ಚಿ, ತಿರುಗಿಸಿ, ತುಂಡು ಸೇರಿಸಿ ಎರಡಂಗುಲ ಮೂರಂಗುಲ ಮೇಲೆತ್ತುವುದು.

ಮೊಬೈಲಿನಲ್ಲಿ ನೋಡಿ ಕಲಿತ ಹುಡುಗರು ಇದನ್ನು ಒಂದು ಸಂಜೆಯ ಕೆಲಸವೆಂದು ಹೇಳುತ್ತಾರೆ. ಒಂದು ಜಾಕು, ಎರಡು ಸ್ಪ್ಯಾನರು ಇದ್ದರೆ ಸಾಕಂತೆ. ತೋಟದ ದಾರಿಯಲ್ಲಿ ಕಲ್ಲು ತಗಲುವುದಿಲ್ಲ, ಲೋಡು ಹೆಚ್ಚು ಹಿಡಿಯುತ್ತದೆ, ನೋಡಲಿಕ್ಕೂ ಗತ್ತಾಗಿರುತ್ತದೆ ಎಂಬ ಮೂರು ಲಾಭಗಳನ್ನು ಅವರು ಹೇಳುತ್ತಾರೆ. ಇವುಗಳಲ್ಲಿ ಮೂರನೆಯದು ಅವರವರ ರುಚಿಗೆ ಬಿಟ್ಟ ಮಾತು. ಮೊದಲೆರಡು ಮಾತ್ರ ನಮ್ಮಂತಹ ಸಣ್ಣ ಬೆಳೆಗಾರರ ಹಣಕ್ಕೂ ಜೀವಕ್ಕೂ ಸಂಬಂಧಪಟ್ಟವು. ಆದುದರಿಂದ ಅವನ್ನು ತೂಗಿ ನೋಡುವುದು ಅಗತ್ಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಳತಾಗಿ ಇಳಿದುಹೋದ ಸ್ಪ್ರಿಂಗನ್ನು ಕಂಪನಿ ಇಟ್ಟಿದ್ದ ಮಟ್ಟಕ್ಕೆ ತಿರುಗಿ ತರುವುದು ರಿಪೇರಿ. ಅದಕ್ಕಿಂತ ಮೇಲೆ ಎತ್ತುವುದು ಗಾಡಿಯನ್ನೇ ಬೇರೆ ಮಾಡುವುದು. ಮೊದಲನೆಯದು ಆಗಲೇಬೇಕು. ಎರಡನೆಯದು ಲೋಡು ಹೊರುವ ನಮಗೆ ಬೇಡ.

ಮೂರು ಬಗೆಯ ಸ್ಪ್ರಿಂಗು

ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಮುಂದಿನ ಚಕ್ರದ ಹತ್ತಿರ ಮೂರು ಬಗೆಗಳಲ್ಲಿ ಒಂದು ಕಾಣುತ್ತದೆ. ಮೊದಲನೆಯದು ಒಂದರ ಮೇಲೊಂದು ಪ್ಲೇಟು ಜೋಡಿಸಿದ ಪಟ್ಟೆ ಸ್ಪ್ರಿಂಗು. ಎರಡನೆಯ ಮಹಾಯುದ್ಧದ ನಂತರ ನಮ್ಮ ಎಸ್ಟೇಟುಗಳಿಗೆ ಬಂದ ವಿಲ್ಲಿಸ್ ಜೀಪಿನಲ್ಲಿದ್ದುದು ಇದೇ. 2005ರಲ್ಲಿ ಬಂದ ಟಾಟಾ ಏಸ್‌ನಂತಹ ಸಣ್ಣ ಗಾಡಿಗಳಲ್ಲಿಯೂ ಮುಂದೆ ಪಟ್ಟೆಯೇ ಇದೆ. ಎರಡನೆಯದು ತಿರುಚು ಸರಳು, ಮೆಕ್ಯಾನಿಕ್ಕುಗಳು ಟಾರ್ಶನ್ ಬಾರ್ ಎನ್ನುವರು. ಉದ್ದನೆಯ ಉಕ್ಕಿನ ಸರಳೊಂದು ಚಾಸಿಯ ಉದ್ದಕ್ಕೆ ಹೋಗಿ, ಒಂದು ತುದಿ ಚಕ್ರದ ತೋಳಿಗೂ ಇನ್ನೊಂದು ತುದಿ ಒಂದು ಬೋಲ್ಟಿಗೂ ಕಚ್ಚಿಕೊಂಡಿರುತ್ತದೆ. ಟಾಟಾ ಝೆನಾನ್ ಇದಕ್ಕೆ ಉದಾಹರಣೆ. ಮೂರನೆಯದು ಸುರುಳಿ ಸ್ಪ್ರಿಂಗು. ಇಸುಜು ಡಿ-ಮ್ಯಾಕ್ಸ್‌ನಲ್ಲಿ ಮುಂದೆ ಇರುವುದು ಇದು.

ಪಟ್ಟೆಯ ಗಾಡಿಗೆ ಪ್ಲೇಟು ಸೇರಿಸುತ್ತಾರೆ, ಇಲ್ಲವೆ ತುದಿಯ ಶಾಕಲನ್ನು ಉದ್ದ ಮಾಡುತ್ತಾರೆ. ಸುರುಳಿಯ ಗಾಡಿಗೆ ಮೇಲೆ ಒಂದು ಬಿಲ್ಲೆ ಕೂರಿಸುತ್ತಾರೆ. ಟಾರ್ಶನ್ ಬಾರಿನದು ಎಲ್ಲಕ್ಕಿಂತ ಸುಲಭ, ಆದುದರಿಂದಲೇ ಎಲ್ಲಕ್ಕಿಂತ ಹೆಚ್ಚು ದುರುಪಯೋಗ: ಬೋಲ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಗಾಡಿಯ ಮೂತಿ ಮೇಲೇಳುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆ ಬೇರೂರಿದೆ. ಬೋಲ್ಟು ಬಿಗಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ, ಹೆಚ್ಚು ಭಾರ ತಡೆಯುತ್ತದೆ ಎಂದು ನಂಬುವವರಿದ್ದಾರೆ. ಹಾಗಾಗುವುದಿಲ್ಲ. ಸರಳು ಅದೇ ಸರಳು, ಅದರ ದಪ್ಪ ಅಷ್ಟೇ, ಉದ್ದ ಅಷ್ಟೇ, ಬಲವೂ ಅಷ್ಟೇ. ಅದು ಕುಳಿತ ಜಾಗ ಮಾತ್ರ ಬದಲಾಯಿತು. ಚಕ್ರಕ್ಕೆ ಮೇಲೆ ಹೋಗಲು ಸಿಕ್ಕ ಎರಡಂಗುಲ, ಕೆಳಗೆ ಇಳಿಯಲು ಇದ್ದ ಎರಡಂಗುಲದಿಂದ ಕಿತ್ತುಕೊಂಡದ್ದು. ಹಾಗಾಗಿ ಎತ್ತಿದ ಗಾಡಿ ಗುಂಡಿಗೆ ಇಳಿದಾಗ ಚಕ್ರ ನೆಲ ಮುಟ್ಟುವ ಮೊದಲೇ ತೋಳು ಹೋಗಿ ತಡೆಗೆ ಬಡಿಯುತ್ತದೆ. ಟಪ್ ಎಂದು ಕೇಳುವ ಸದ್ದು ಅದೇ. ಬಾಲ್ ಜಾಯಿಂಟು ಸದಾ ಓರೆಯಾಗಿ ನಿಂತು ಬೇಗ ಸವೆಯುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಯಾದರೆ ಮುಂದಿನ ಆಕ್ಸಲಿನ ಗಂಟುಗಳೂ ಅದೇ ಗತಿ ಕಾಣುತ್ತವೆ.

ಕಲ್ಲು ತಗಲುವುದು ಎಲ್ಲಿಗೆ?

ಈಗ ಕಲ್ಲಿನ ಮಾತಿಗೆ ಬರೋಣ. ನಮ್ಮ ಹಿರಿಯರು ಬಂಡಿಯಲ್ಲಿ ಗೊಬ್ಬರ ಹೊಡೆದ ದಾರಿಯೇ ಇವತ್ತಿಗೂ ನಮ್ಮ ಅನೇಕ ತೋಟಗಳ ದಾರಿ. ಬಂಡಿಯ ಅಚ್ಚು ಕಲ್ಲಿಗೆ ತಗಲುತ್ತಿರಲಿಲ್ಲ. ಕಾರಣ ಬಂಡಿಗೆ ಸ್ಪ್ರಿಂಗು ಇತ್ತೆಂದಲ್ಲ, ಗಾಲಿ ದೊಡ್ಡದಿತ್ತು. ಅಚ್ಚು ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಗೊತ್ತುಮಾಡುವುದು ಗಾಲಿಯೇ ಹೊರತು ಮೇಲಿನ ಮರವಲ್ಲ.

ಪಿಕಪ್ಪಿಗೂ ಇದೇ ನ್ಯಾಯ. ಹಿಂದಿನ ಆಕ್ಸಲಿನ ನಡುವೆ ತೂಗುವ ಡಿಫರೆನ್ಷಿಯಲ್ ಗುಂಡು ನಮ್ಮ ಗಾಡಿಗಳಲ್ಲಿ ಸಾಮಾನ್ಯವಾಗಿ ನೆಲಕ್ಕೆ ಅತಿ ಹತ್ತಿರದ ಭಾಗ. ಮುಂದಿನ ಸ್ಪ್ರಿಂಗನ್ನು ಎರಡಂಗುಲವಲ್ಲ, ಹತ್ತಂಗುಲ ಎತ್ತಿದರೂ ಆ ಗುಂಡು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಮುಂದೆಯೂ ಗಟ್ಟಿ ಆಕ್ಸಲಿರುವ ಪಟ್ಟೆ ಗಾಡಿಯಾದರೆ ಮುಂದಿನ ಆಕ್ಸಲೂ ಇದ್ದಲ್ಲೇ ಇರುತ್ತದೆ. ಏಳುವುದು ಚಾಸಿ, ಬಾಡಿ, ಬಂಪರು ಮಾತ್ರ. ಟಾರ್ಶನ್ ಬಾರು ಅಥವಾ ಸುರುಳಿಯ ಗಾಡಿಯಲ್ಲಿ ಎಂಜಿನ್ನಿನ ಅಡಿಯ ಭಾಗ ಸ್ವಲ್ಪ ಮೇಲೇಳುವುದು ನಿಜ. ನ್ಯಾಯವಾಗಿ ಅದನ್ನು ಒಪ್ಪಬೇಕು. ಆದರೆ ಮುಂದೆ ದಾಟಿದ ಕಲ್ಲು ಹಿಂದೆ ಬಂದು ಗುಂಡಿಗೆ ತಗಲಿದರೆ ಬಂದ ಲಾಭವೇನು? ಮುಂದೆ ತಗಲಿದ್ದರೆ ಚಾಲಕ ಅಲ್ಲೇ ನಿಲ್ಲಿಸುತ್ತಿದ್ದ. ಮುಂದೆ ದಾಟಿತೆಂದು ಧೈರ್ಯದಿಂದ ಹೋದವನ ಗಾಡಿ ಕಲ್ಲಿನ ಮೇಲೆ ಕೂತುಬಿಡುತ್ತದೆ.

ಹಿಂಭಾರದ ಬಂಡಿ

ಬಂಡಿ ಹೂಡಿ ಬಲ್ಲವರಿಗೆ ಮುಂಭಾರ, ಹಿಂಭಾರದ ಲೆಕ್ಕ ಹೇಳಿಕೊಡಬೇಕಾದ್ದಿಲ್ಲ. ಹಿಂದಕ್ಕೆ ಹೆಚ್ಚು ಹೇರಿದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ, ಎತ್ತು ನೆಲಕ್ಕೆ ಕಾಲು ಕೊಟ್ಟು ಎಳೆಯಲಾರದು. ಪಿಕಪ್ಪಿನಲ್ಲಿ ಎತ್ತಿನ ಕೆಲಸ ಹಂಚಿಹೋಗಿದೆ. ದಾರಿ ತೋರುವ ಕೆಲಸ ಮುಂದಿನ ಚಕ್ರದ್ದು. ಆ ಚಕ್ರ ನೆಲಕ್ಕೆ ಒತ್ತಿ ನಿಂತರೆ ಮಾತ್ರ ಸ್ಟಿಯರಿಂಗು ಹೇಳಿದ ಕಡೆ ಗಾಡಿ ತಿರುಗುತ್ತದೆ.

ಪಿಕಪ್ಪನ್ನು ತಯಾರಿಸಿದವರು ಖಾಲಿ ಗಾಡಿಯಲ್ಲಿ ಹಿಂಭಾಗ ಸ್ವಲ್ಪ ಮೇಲಿರುವಂತೆ ಮಾಡುವುದು ತಿಳಿಯದೆ ಮಾಡಿದ್ದಲ್ಲ. ಲೋಡು ಬಿದ್ದಾಗ ಹಿಂದೆ ಇಳಿದು ಗಾಡಿ ಸಮಕ್ಕೆ ಬರಲಿ ಎಂಬುದು ಅದರ ಉದ್ದೇಶ. ನಾವು ಖಾಲಿ ಗಾಡಿಯನ್ನು ನೋಡಿ ಮೂತಿ ಬಗ್ಗಿದೆ ಎಂದು ಭಾವಿಸಿ ಮುಂದೆ ಎತ್ತಿಬಿಟ್ಟರೆ, ಲೋಡು ಬಿದ್ದ ದಿನ ಮೂತಿ ಆಕಾಶ ನೋಡುತ್ತದೆ.

ಒಂದು ಲೆಕ್ಕ ನೋಡಿ. ಮುಂದಿನ ಹಿಂದಿನ ಆಕ್ಸಲುಗಳ ನಡುವೆ 3 ಮೀಟರ್ ಅಂತರವಿದೆ ಎಂದುಕೊಳ್ಳೋಣ. 50 ಕಿಲೋದ ಆರು ಚೀಲಗಳನ್ನು, ಎಂದರೆ 300 ಕಿಲೋವನ್ನು, ಹಿಂದಿನ ಆಕ್ಸಲಿನಿಂದ 60 ಸೆಂಟಿಮೀಟರ್ ಹಿಂದಕ್ಕೆ, ಬಾಗಿಲ ಹತ್ತಿರ ಪೇರಿಸಿದರೆ ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 60 ಕಿಲೋ ಕಡಿಮೆಯಾಗುತ್ತದೆ. ಏರು ಹತ್ತುವಾಗ ಇನ್ನಷ್ಟು ಭಾರ ಹಿಂದಕ್ಕೆ ಜರುಗುತ್ತದೆ. ಅರಕಲಗೂಡಿನ ಪಶ್ಚಿಮಕ್ಕೆ, ಮಲ್ಲಿಪಟ್ಟಣದ ಕಡೆಯ ಕಾಫಿ ತೋಟದ ಏರುದಾರಿಯಲ್ಲಿ, ಮಳೆ ಬಿದ್ದ ಕೆಮ್ಮಣ್ಣಿನ ಮೇಲೆ, ಹಗುರಾದ ಮುಂದಿನ ಚಕ್ರ ತಿರುಗಿಸಿದ ಕಡೆ ತಿರುಗದೆ ನೇರಕ್ಕೆ ಜಾರಿದರೆ ಪಕ್ಕದಲ್ಲಿರುವುದು ಚರಂಡಿಯಾದರೆ ಪುಣ್ಯ, ಕಣಿವೆಯಾದರೆ? ಇಂತಹ ಗಾಡಿಗೆ ಬೇಕಾದ್ದು ಮುಂದೆ ಭಾರವೇ ಹೊರತು ಎತ್ತರವಲ್ಲ.

ಬೆಳಕು, ಬ್ರೇಕು, ಸ್ಟಿಯರಿಂಗು

ಎತ್ತರದ ಜೊತೆಗೆ ಕೇಳದೆ ಬರುವ ಬದಲಾವಣೆಗಳು ಇನ್ನೂ ಇವೆ. ಮೊದಲನೆಯದು ದೀಪ. ಅದೇ 3 ಮೀಟರಿನ ಗಾಡಿಯ ಮುಂಭಾಗವನ್ನು 5 ಸೆಂಟಿಮೀಟರ್ ಎತ್ತಿದರೆ ಬೆಳಕಿನ ಗುರಿ 60 ಮೀಟರಿಗೆ 1 ಮೀಟರಿನಂತೆ ಮೇಲಕ್ಕೆ ಹೋಗುತ್ತದೆ. 30 ಮೀಟರ್ ದೂರದಲ್ಲಿ ಎದುರು ಬರುವ ಮೋಟಾರ್ ಸೈಕಲ್ಲಿನವನಿಗೆ ಅರ್ಧ ಮೀಟರ್ ಮೇಲೆ, ಸರಿಯಾಗಿ ಕಣ್ಣಿಗೇ ಬಡಿಯುತ್ತದೆ. ಡಿಮ್ಮು ಹಾಕಿದರೂ ಪ್ರಯೋಜನವಿಲ್ಲ. ಹಾಸನ, ಹೊಳೆನರಸೀಪುರ, ಬಿಳಿಕೆರೆಯ ಹೆದ್ದಾರಿಯಲ್ಲಿ ರಾತ್ರಿ ಬರುವವರಿಗೆ ಈ ಹಿಂಸೆ ಎಂತಹುದೆಂದು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಬ್ರೇಕು. ಚಕ್ರಕ್ಕೆ ಹೋಗುವ ಬ್ರೇಕಿನ ರಬ್ಬರ್ ಹೋಸಿಗೆ ಕಂಪನಿ ಕೊಟ್ಟಿರುವ ಉದ್ದ ಆ ಸ್ಪ್ರಿಂಗಿನ ಓಡಾಟಕ್ಕೆ ತಕ್ಕಷ್ಟು. ಉದ್ದ ಶಾಕಲಿನಿಂದ ಚಕ್ರ ಇನ್ನೂ ಕೆಳಗೆ ಇಳಿಯುವಂತಾದರೆ ಹೋಸು ಎಳೆದುಕೊಳ್ಳುತ್ತದೆ. ಇನ್ನು ಮುಂದೆ ಎತ್ತಿದವರು ಸಮ ಮಾಡಲೆಂದು ಹಿಂದೆಯೂ ಪ್ಲೇಟು ಹಾಕಿಸುವುದುಂಟು. ಹಲವು ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಗಾಡಿ ಎಷ್ಟು ತಗ್ಗಿದೆ ಎಂಬುದರಿಂದ ಎಷ್ಟು ಲೋಡಿದೆ ಎಂದು ಅಳೆದು ಹಿಂದಿನ ಚಕ್ರಕ್ಕೆ ಬ್ರೇಕು ಹಂಚುವ ವಾಲ್ವಿನ ಕಡ್ಡಿ ಅದು. ಹಿಂದೆ ಎತ್ತಿಬಿಟ್ಟರೆ ಲೋಡು ತುಂಬಿದ್ದರೂ ಆ ವಾಲ್ವು ಗಾಡಿ ಖಾಲಿಯೆಂದೇ ತಿಳಿಯುತ್ತದೆ. ಹಿಂದೆ ಬ್ರೇಕು ಕಡಿಮೆ ಹಿಡಿಯುತ್ತದೆ. ಶಿರಾಡಿ ಘಟ್ಟ ಇಳಿಯುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಮೂರನೆಯದು ಸ್ಟಿಯರಿಂಗು. ಎತ್ತರ ಬದಲಾದ ಕೂಡಲೇ ಚಕ್ರಗಳ ಕೋನ ಬದಲಾಗುತ್ತದೆ. ಶಾಕಲು ಪಟ್ಟೆಯ ಮುಂದಿದೆಯೋ ಹಿಂದಿದೆಯೋ ಎಂಬುದರ ಮೇಲೆ ಸ್ಟಿಯರಿಂಗು ಒಂದೋ ಭಾರವಾಗುತ್ತದೆ, ಇಲ್ಲವೆ ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಅಲೆಯುತ್ತದೆ. ಟೈರು ಒಂದು ಅಂಚಿನಲ್ಲಿ ಸವೆಯುತ್ತದೆ. ಸ್ಪ್ರಿಂಗಿಗೆ ಹಾಕಿದ ಖರ್ಚು ಒಂದಾದರೆ ಟೈರಿಗೆ ತೆರುವ ದಂಡ ಇನ್ನೊಂದು.

ಕಾಯಿದೆ ಏನು ಹೇಳುತ್ತದೆ

ನಮ್ಮ ಗಾಡಿ, ನಮ್ಮ ಇಷ್ಟ ಎಂಬ ಮಾತು ರಸ್ತೆಯ ಮೇಲೆ ನಡೆಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ಕೊಟ್ಟುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷ ಆದ ತಿದ್ದುಪಡಿಯಲ್ಲಿ 182-ಎ ಕಲಮು ಸೇರಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಎಂದಾಗಿದೆ. ಎರಡಂಗುಲ ಎತ್ತಿದ್ದು ಇದರೊಳಗೆ ಬರುತ್ತದೆಯೋ ಇಲ್ಲವೋ ಎಂದು ಅಧಿಕಾರಿಯ ಎದುರು ವಾದ ಮಾಡುವ ಹೊಣೆ ನಮ್ಮ ತಲೆಯ ಮೇಲೆ ಬೀಳುತ್ತದೆ. ಎಫ್.ಸಿ.ಗೆ ಹೋದಾಗ ಬರುವ ತಕರಾರು, ಅಪಘಾತವಾದಾಗ ವಿಮೆಯವರು ತೆಗೆಯಬಹುದಾದ ತಕರಾರು ಬೇರೆ.

ಲೋಡಿನ ವಿಷಯದಲ್ಲಿ ಕಾಯಿದೆ ಇನ್ನೂ ಸ್ಪಷ್ಟ. ಮಿತಿ ಮೀರಿದ ಭಾರಕ್ಕೆ 194ನೆಯ ಕಲಮಿನಲ್ಲಿ 20,000 ರೂಪಾಯಿ, ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವೆಂದು ಹೇಳಿದೆ. ಇಳಿಸುವ ಕೂಲಿಯೂ ನಮ್ಮದೇ. 1.3 ಟನ್ನಿನ ಗಾಡಿಯೆಂದರೆ 50 ಕಿಲೋದ 26 ಚೀಲ. ಸ್ಪ್ರಿಂಗು ಎತ್ತಿದ್ದೇನೆ, 40 ಹಾಕಬಹುದು ಎಂದು ಹೊರಟವನ ನೋಂದಣಿ ಪತ್ರದಲ್ಲಿ ಸ್ಪ್ರಿಂಗಿನ ಜೊತೆಗೆ ಅಂಕಿಯೂ ಮೇಲೇಳುವುದಿಲ್ಲ. ಆಕ್ಸಲು, ಬ್ರೇಕು, ಟೈರು ಎಲ್ಲವೂ ಹಳೆಯ ಲೆಕ್ಕದವೇ.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಣ್ಣು ಕೊಯ್ಯುವ ಕಾಲದಲ್ಲಿ ಇದೇ ಪಿಕಪ್ಪಿನ ಹಿಂದೆ ಹತ್ತು ಹನ್ನೆರಡು ಮಂದಿ ಹೆಣ್ಣುಮಕ್ಕಳು ನಿಂತು ಬರುವುದನ್ನು ನಾವು ದಿನವೂ ನೋಡುತ್ತೇವೆ. ಎತ್ತಿದ ಗಾಡಿ, ಹಗುರಾದ ಸ್ಟಿಯರಿಂಗು, ಹಿಂದೆ ನಿಂತ ಜನ. ಸರಕಿನ ಗಾಡಿಯಲ್ಲಿ ಸುಮ್ಮನೆ ಕೂತು ಬಂದವರಿಗೆ ವಿಮಾ ಕಂಪನಿ ಪರಿಹಾರ ಕೊಡಲು ಬದ್ಧವಲ್ಲ ಎಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿಯೇ ತೀರ್ಪಿತ್ತಿದೆ. ಏನಾದರೂ ಸಂಭವಿಸಿದರೆ ಆ ಸಂಸಾರಗಳಿಗೆ ಹೊಣೆ ತೋಟದವನು, ಕೊಡಬೇಕಾದ್ದು ತೋಟದ ಪತ್ರವಿಟ್ಟು. ಎರಡು ಎಕರೆಯ ಬೆಳೆಗಾರನಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದಿಲ್ಲ. ಆ ಹೆಣ್ಣುಮಕ್ಕಳ ಜೀವಕ್ಕಂತೂ ಬೆಲೆ ಕಟ್ಟುವಂತಿಲ್ಲ.

ಹಾಗಾದರೆ ಮಾಡುವುದೇನು?

ಪೇಟೆಯಲ್ಲಿ ಕೂತು ಬುದ್ಧಿ ಹೇಳುವುದು ಸುಲಭ, ಆಷಾಢದಲ್ಲಿ ನಮ್ಮ ದಾರಿಗೆ ಬಂದು ನೋಡಿ ಎಂದು ಸದಸ್ಯರು ಕೇಳಬಹುದು. ಕೇಳಬೇಕಾದ ಮಾತೇ. ಗಾಡಿ ಹೋಗಲೇಬೇಕು, ಬೆಳೆ ಬರಲೇಬೇಕು. ಆದುದರಿಂದ ಬೇಡ ಎಂದಷ್ಟೇ ಹೇಳಿ ಮುಗಿಸದೆ, ಬೇಕಾದ್ದನ್ನೂ ಕ್ರಮವಾಗಿ ಹೇಳುತ್ತೇನೆ.

ಮೊದಲು ಅಳತೆ. ಗಾಡಿ ನಿಜವಾಗಿಯೂ ಇಳಿದಿದೆಯೇ ಎಂದು ಕಣ್ಣಿನಿಂದ ಹೇಳಲಾಗದು. ಖಾಲಿ ಗಾಡಿಯನ್ನು ಕಾಫಿ ಒಣಗಿಸುವ ಸಿಮೆಂಟು ಕಣದ ಮೇಲೆ ನಿಲ್ಲಿಸಿ, ಟೈರಿಗೆ ಸರಿಯಾಗಿ ಗಾಳಿ ಹಿಡಿಸಿ, ಚಕ್ರದ ನಡುವಿನಿಂದ ಮಡ್ಗಾರ್ಡಿನ ಅಂಚಿನವರೆಗೆ ಎರಡೂ ಕಡೆ ಟೇಪು ಹಿಡಿಯಬೇಕು. ನೀರು ಹರಿಯಲೆಂದು ಕಣಕ್ಕೂ ಸ್ವಲ್ಪ ಇಳಿಜಾರು ಇರುತ್ತದೆ. ಅದಕ್ಕಾಗಿ ಗಾಡಿಯನ್ನು ಹಿಂದುಮುಂದು ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಅದನ್ನು ಕಂಪನಿಯ ಸರ್ವಿಸ್ ಪುಸ್ತಕದ ಅಳತೆಯೊಂದಿಗೆ, ಇಲ್ಲವೆ ಅದೇ ಮಾದರಿಯ ಹೊಸ ಗಾಡಿಯೊಂದಿಗೆ ಹೋಲಿಸಿದರೆ ವಾಸ್ತವ ತಿಳಿಯುತ್ತದೆ. ಒಂದೇ ಕಡೆ ಇಳಿದಿದ್ದರೆ ಪ್ಲೇಟು ಮುರಿದಿರಬಹುದು, ಬುಷ್ಷು ಸವೆದಿರಬಹುದು. ಕಾರಣ ಹುಡುಕದೆ ಆ ಕಡೆ ಮಾತ್ರ ಎತ್ತುವುದು ಮುರಿದ ಕಾಲಿಗೆ ದಪ್ಪ ಚಪ್ಪಲಿ ಹಾಕಿದಂತೆ.

ಎರಡನೆಯದಾಗಿ, ಮುಂದಿನ ಕಬ್ಬಿಣದ ಗಾರ್ಡು ತೆಗೆಯಿರಿ. ಮೂತಿ ತಗ್ಗಿದೆ ಎಂದು ಗೊಣಗುವ ಹಲವರ ಗಾಡಿಯ ಮುಂದೆ ದಪ್ಪ ಪೈಪಿನ ಬುಲ್ ಗಾರ್ಡು ಇರುತ್ತದೆ. ಇಂತಹ ಗಾರ್ಡುಗಳು 52ನೆಯ ಕಲಮಿಗೆ ವಿರುದ್ಧವೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಅದನ್ನು ಬಿಚ್ಚಿದರೆ ಕಾಸು ಖರ್ಚಿಲ್ಲದೆ ಮೂತಿ ತಾನಾಗಿ ಮೇಲೇಳುತ್ತದೆ.

ಮೂರನೆಯದಾಗಿ, ಇಳಿದದ್ದು ನಿಜವಾದರೆ ಹಳೆಯ ಮಟ್ಟಕ್ಕೆ ತರಬೇಕು. ಪಟ್ಟೆಯಾದರೆ ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸುವುದು, ಬುಷ್ಷು ಹೊಸದು ಹಾಕುವುದು, ಯೂ ಬೋಲ್ಟುಗಳನ್ನು ಲೋಡು ಹೊತ್ತು ಓಡಿದ ಮೇಲೆ ಮತ್ತೊಮ್ಮೆ ಬಿಗಿಯುವುದು. ಸುರುಳಿಯ ಕೆಲಸವನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ಅದುಮಿ ಹಿಡಿದ ಸುರುಳಿ ಕೈತಪ್ಪಿ ಚಿಮ್ಮಿದರೆ ಕೋವಿಯ ಗುಂಡಿಗೆ ಸಮ. ಟಾರ್ಶನ್ ಬಾರು ಮಾತ್ರ ತಿಳಿದವರು ಮನೆಯಲ್ಲಿ ಸರಿಪಡಿಸಬಹುದಾದ್ದು. ಆಗಲೂ ಗಾಡಿ ಸಮನೆಲದಲ್ಲಿರಬೇಕು, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟಿರಬೇಕು, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಟ್ಟಿರಬೇಕು. ಚಕ್ರ ತೂಗಾಡುವಂತೆ ಎತ್ತಿ ಸರಳಿನ ಮೇಲಿನ ಬಿಗಿ ಇಳಿಸಿದ ಮೇಲೆಯೇ ಬೋಲ್ಟು ಮುಟ್ಟಬೇಕು. ಹಳೆಯ ಜಾಗವನ್ನು ಬಣ್ಣದಿಂದ ಗುರುತು ಮಾಡಿ, ಎಷ್ಟು ಸುತ್ತು ತಿರುಗಿಸಿದೆವೆಂದು ಬರೆದಿಟ್ಟು, ಇಳಿಸಿ, ಹಿಂದೆ ಮುಂದೆ ಓಡಿಸಿ ಮತ್ತೆ ಅಳೆಯಬೇಕು. ಕಂಪನಿಯ ಅಳತೆ ಬಂದಲ್ಲಿಗೆ ನಿಲ್ಲಿಸಬೇಕು. ಬಳಿಕ ಹಾಸನಕ್ಕೆ ಹೋದಾಗ ವೀಲ್ ಅಲೈನ್‌ಮೆಂಟ್ ಮಾಡಿಸಿ, ದೀಪದ ಗುರಿಯನ್ನೂ ನೋಡಿಸಬೇಕು.

ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು. ಸಿಮೆಂಟಿನ ಟೊಳ್ಳು ಇಟ್ಟಿಗೆ, ಜಂಬಿಟ್ಟಿಗೆ ಇವುಗಳ ಮೇಲೆ ಗಾಡಿ ನಿಲ್ಲಿಸುವುದು ಇನ್ನೂ ಅಪಾಯ. ಅವು ಮುನ್ಸೂಚನೆ ಕೊಡದೆ ಒಮ್ಮೆಲೇ ಪುಡಿಯಾಗುತ್ತವೆ.

ನಾಲ್ಕನೆಯದಾಗಿ ಲೋಡು ಹೇರುವ ರೀತಿ. ಭಾರದ ಚೀಲಗಳು ಕ್ಯಾಬಿನ್ನಿಗೆ ಒತ್ತಿ ಮುಂದೆ, ಹಗುರವಾದವು ಹಿಂದೆ. ಎತ್ತರಕ್ಕೆ ಪೇರಿಸುವುದಕ್ಕಿಂತ ಎರಡು ಸಾರಿ ಹೋಗುವುದು ಲೇಸು. ಹಸಿ ಹಣ್ಣು ಕಣ್ಣಿಗೆ ಕಂಡದ್ದಕ್ಕಿಂತ ಭಾರ. ತೂಕ ತಿಳಿಯದೆ ಹೇರಬಾರದು. ಯೂರಿಯಾ ಚೀಲ 2018ರಿಂದ 45 ಕಿಲೋ, ಪೊಟ್ಯಾಷ್ 50 ಕಿಲೋ. ಎಣಿಸಿ ಹಾಕಿದರೆ ಲೆಕ್ಕ ತಾನಾಗಿ ಸಿಗುತ್ತದೆ.

ದಾರಿಯನ್ನು ಎತ್ತೋಣ

ಐದನೆಯದೇ ಮುಖ್ಯವಾದದ್ದು. ನಮ್ಮ ಗಾಡಿಯ ಹೊಟ್ಟೆಗೆ ತಗಲುವುದು ಬಹುಪಾಲು ಕಲ್ಲಲ್ಲ, ದಾರಿಯ ನಡುದಿಣ್ಣೆ. ಟ್ರ್ಯಾಕ್ಟರು ಓಡಾಡಿ ಎರಡು ಕಡೆ ಗಾಲಿಜಾಡು ಆಳವಾಗುತ್ತದೆ, ಮಳೆನೀರು ಅದರಲ್ಲೇ ಹರಿದು ಇನ್ನೂ ಕೊರೆಯುತ್ತದೆ, ನಡುವೆ ದಿಣ್ಣೆ ಉಳಿಯುತ್ತದೆ. ಡಿಫರೆನ್ಷಿಯಲ್ ಗುಂಡು ಉಜ್ಜುವುದು ಅಲ್ಲಿ. ಈ ದಿಣ್ಣೆಯನ್ನು ಸ್ಪ್ರಿಂಗು ದಾಟಿಸಲಾರದು, ಗುದ್ದಲಿ ದಾಟಿಸುತ್ತದೆ. ಇಬ್ಬರು ಒಂದು ದಿನ ದಿಣ್ಣೆ ಕಡಿದು, ಜಾಡಿಗೆ ಕಲ್ಲುಚೂರು ಗಟ್ಟಿಮಣ್ಣು ತುಂಬಿ, ಹದಿನೈದು ಇಪ್ಪತ್ತು ಮಾರಿಗೊಂದರಂತೆ ಓರೆಯಾಗಿ ಅಡ್ಡಚರಂಡಿ ತೋಡಿ ನೀರನ್ನು ಪಕ್ಕಕ್ಕೆ ಬಿಟ್ಟರೆ ತೋಟದ ದಾರಿಯ ಸ್ವರೂಪವೇ ಬದಲಾಗುತ್ತದೆ. ಇಳಿಜಾರು ಹೆಚ್ಚಿದ್ದಲ್ಲಿ ಚರಂಡಿಗಳು ಇನ್ನೂ ಹತ್ತಿರವಿರಲಿ. ಹೂಮಳೆ ಬಿದ್ದು ನೆಲ ಮೆದುವಾದಾಗ ಈ ಕೆಲಸಕ್ಕೆ ಹದ.

ಊರಿನ ದಾರಿಯ ವಿಷಯ ಒಬ್ಬರಿಂದ ಆಗುವುದಲ್ಲ. ಚನ್ನರಾಯಪಟ್ಟಣದ ಕಡೆ ಕೆರೆ ಏರಿಯ ದಾರಿ, ಹೊಳೆನರಸೀಪುರದ ಕಡೆ ಹೇಮಾವತಿ ನಾಲೆಯ ಪಕ್ಕದ ದಾರಿ, ಅರಕಲಗೂಡಿನ ಗುಡ್ಡದ ದಾರಿ, ಒಂದೊಂದರ ತೊಂದರೆ ಒಂದೊಂದು ಬಗೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಎಂದು ಗುರುತಾಗಿರುವುದನ್ನು ಗ್ರಾಮ ಸಭೆಯಲ್ಲಿ ಅರ್ಜಿ ಕೊಟ್ಟು ಪಂಚಾಯಿತಿಯ ಕ್ರಿಯಾಯೋಜನೆಗೆ ಸೇರಿಸಬಹುದು. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ನಾಲೆಯ ಪಕ್ಕದ ದಾರಿಗೆ ಕಾವೇರಿ ನೀರಾವರಿ ನಿಗಮದ ಸ್ಥಳೀಯ ಕಚೇರಿಗೆ ಬರೆಯಬೇಕು. ಹತ್ತು ಮಂದಿ ಹತ್ತು ಗಾಡಿಯ ಸ್ಪ್ರಿಂಗಿಗೆ ಸುರಿಯುವ ಹಣದಿಂದ ಒಂದು ದಾರಿಗೆ ಕಲ್ಲುಚೂರು ಬೀಳುತ್ತದೆ. ಆ ದಾರಿಯಲ್ಲಿ ಹಾಲಿನ ಕ್ಯಾನು, ಶಾಲೆಯ ಮಕ್ಕಳು, ಬಸುರಿ ಹೆಂಗಸು, ಎಲ್ಲರೂ ಹೋಗುತ್ತಾರೆ. ಎತ್ತಿದ ಸ್ಪ್ರಿಂಗು ಒಬ್ಬನ ಗಾಡಿಯನ್ನು ಮಾತ್ರ ಎತ್ತುತ್ತದೆ, ಅದೂ ಅರ್ಧ.

ಸಂಘಕ್ಕೊಂದು ವಿನಂತಿ

ನಮ್ಮದು ಸಹಕಾರ ಸಂಘ. ಸಿಂಪರಣೆ ಯಂತ್ರವನ್ನು, ತೂಕದ ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳಲಾಗದಿದ್ದರೂ ಸಂಘ ಕೊಂಡರೆ ಎಲ್ಲರಿಗೂ ಆಗುತ್ತದೆ ಎಂಬುದೇ ನಮ್ಮ ಮೂಲತತ್ತ್ವ. ಅದೇ ರೀತಿ ಒಳ್ಳೆಯ ಜಾಕು ಒಂದು, ಕಬ್ಬಿಣದ ಸ್ಟ್ಯಾಂಡು ನಾಲ್ಕು, ಬೋಲ್ಟಿನ ಬಿಗಿ ಅಳೆಯುವ ಸ್ಪ್ಯಾನರು ಒಂದು, ಇವನ್ನು ಸಂಘದ ಗೋದಾಮಿನಲ್ಲಿಟ್ಟು ಸದಸ್ಯರಿಗೆ ಸಣ್ಣ ಬಾಡಿಗೆಗೆ ಕೊಡಬಹುದು. ಪ್ರತಿವರ್ಷ ಅಡಿಕೆ ಕೊಯ್ಲು ಶುರುವಾಗುವ ಮುನ್ನ, ಶ್ರಾವಣದ ಸುಮಾರಿಗೆ, ಒಂದು ಭಾನುವಾರ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ್ನು ಕರೆಸಿ ಸದಸ್ಯರ ಗಾಡಿಗಳ ಸ್ಪ್ರಿಂಗು, ಬ್ರೇಕು, ದೀಪ ನೋಡಿಸುವ ಏರ್ಪಾಟು ಮಾಡಬಹುದು. ಕೊಯ್ಲಿನ ಕೆಲಸಗಾರರನ್ನು ಕರೆತರಲು ಹತ್ತು ತೋಟಗಳು ಸೇರಿ ಪ್ರಯಾಣಿಕರ ಪರವಾನಗಿ ಇರುವ ಒಂದು ಗಾಡಿಯನ್ನು ಗೊತ್ತುಮಾಡುವ ಬಗ್ಗೆಯೂ ಮುಂದಿನ ಮಹಾಸಭೆಯಲ್ಲಿ ಚರ್ಚೆಯಾಗಲಿ.

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆ ನಮ್ಮಲ್ಲಿದೆ. ದಾರಿ ಕೆಟ್ಟಿತೆಂದು ಗಾಡಿಯನ್ನು ಕೆಡಿಸುವುದು ಅದೇ ಜಾತಿಯ ಕೆಲಸ. ಇಳಿದದ್ದನ್ನು ಸರಿಪಡಿಸೋಣ, ಹೆಚ್ಚು ಹೇರದಿರೋಣ, ದಾರಿ ಕಡಿಯಲು ಗುದ್ದಲಿ ಹಿಡಿಯೋಣ. ಮನೆಯ ಹುಡುಗರು ಸ್ಪ್ಯಾನರು ಹಿಡಿದು ಅಂಗಳಕ್ಕೆ ಇಳಿದರೆ ಗದರಿಸುವ ಬದಲು, ಮೊದಲು ಅವರ ಕೈಗೆ ಟೇಪು ಕೊಟ್ಟು ಅಳೆಯಲು ಹೇಳಿರೆಂದು ಸದಸ್ಯ ಬಾಂಧವರಲ್ಲಿ ನನ್ನ ಕೋರಿಕೆ.

— ಒಬ್ಬ ಸದಸ್ಯ